ವೈನಿಯ ಕಿವಿ ಮತ್ತು ಕೆಂಪು ಕಾರಿನ ಸೈಲೆನ್ಸರ್

ನಾನು ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. "ಆಗೂದಲ್ಲ, ನೀವು ಮಾಡೂದು" ಅನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತನ್ನೂ ಪೂರ್ತಿ ನಂಬಬೇಡಿ, ನನ್ನದನ್ನೂ ಪೂರ್ತಿ ನಂಬಬೇಡಿ. ಕಾರವಾರದಿಂದ ಕೈಗಾ ಅಣುಸ್ಥಾವರಕ್ಕೆ ನೌಕರರನ್ನು ಒಯ್ಯುವ ಬಸ್ಸಿನ ಡ್ರೈವರ್ ನಾನು. ದಿನವೆಲ್ಲ ನೆಟ್ಟಗೆ ಕೂತು ನೆಟ್ಟಗೆ ನೋಡುವ ಕೆಲಸ. ಹಾಗಾಗಿ ಸೀಟಿನಿಂದ ಇಳಿದ ಮೇಲೆ ನೆಟ್ಟಗೆ ಇರಲು ನನಗೆ ಆಗುವುದಿಲ್ಲ.

ಈ ಸಲದ ಮಳೆಗಾಲದಲ್ಲಿ ನನ್ನ ದೋಸ್ತನೊಬ್ಬ ಕಾರಿಗೆ ಸೈಲೆನ್ಸರ್ ಆರಿಸಲು ಹೊರಟ. ಮದುವೆಗೆ ಹೆಣ್ಣು ನೋಡುವಾಗಲೂ ಅವನು ಇಷ್ಟು ಓಡಾಡಿರಲಿಲ್ಲ. ಆಗಲೂ ನಾನೇ ಜೊತೆಗಿದ್ದೆ, ಚಾ ಆರುವುದರೊಳಗೆ ಹೂಂ ಅಂದಿದ್ದ.

೧. ಬಿಣಗಾದಲ್ಲಿ ಬಿದ್ದದ್ದು

ದೋಸ್ತ ಬಂದರಿನ ಬದಿಯ ಬೈತಖೋಲದ ಮೀನುಗಾರ. ಅಪ್ಪನ ಕಾಲದ ಟ್ರಾಲರ್ ಬೋಟು ಇದೆ. ಅದರಷ್ಟೇ ಅಕ್ಕರೆಯಿಂದ ಅವನು ಸಾಕಿದ್ದು ಒಂದು ಕೆಂಪು ಕಾರು, ವರ್ಗವಾಗಿ ಹೋದ ಯಾವನೋ ಆಫೀಸರನಿಂದ ಕೊಂಡದ್ದು. ನೋಡಲು ಸಣ್ಣದು, ಒಳಗೆ ಟರ್ಬೊ ಎಂಜಿನ್. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ನಾವು ಅಂಕೋಲೆಯಲ್ಲಿ ಕಟ್ಟಿಸಿಕೊಂಡ ಬಟಾಟೆವಡೆಯನ್ನು ಕಾರವಾರದಲ್ಲಿ ಬಿಚ್ಚಿದರೆ, ಬಾಯಿ ಸುಟ್ಟಿತು.

ಆದರೆ ಕಡಲ ಉಪ್ಪುಗಾಳಿಗೆ ಟರ್ಬೊ ಕಾರು, ಹಾಲಿನವನ ಸೈಕಲ್ಲು ಎಂಬ ಭೇದವಿಲ್ಲ. ಸೈಲೆನ್ಸರ್ ಒಳಗಿಂದೊಳಗೇ ತುಕ್ಕು ಹಿಡಿದು ಬಿಣಗಾದ ಹೆದ್ದಾರಿಯಲ್ಲಿ, ಫ್ಯಾಕ್ಟರಿ ಬಿಡುವ ಹೊತ್ತಿಗೆ, ಕಳಚಿ ಬಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ. ಆಗ ಕಾರು ಹಾಕಿದ ಕೂಗಿಗೆ, ಮನೆಗೆ ಹೊರಟಿದ್ದ ಕಾರ್ಮಿಕರೆಲ್ಲ ಮುಂದಿನ ಪಾಳಿಯ ಸೈರನ್ ಆಯಿತೆಂದು ತಿಳಿದು ವಾಪಸ್ ಒಳಗೆ ಹೋದರು. ನಾನು ಹೀಗೆ ಹೇಳಿದಾಗಲೆಲ್ಲ ದೋಸ್ತ, "ಸುಳ್ಳು, ಇಬ್ಬರೇ ಹೋದದ್ದು" ಅನ್ನುತ್ತಾನೆ. ಇಬ್ಬರಾದರೂ ಹೋದರೋ ಇಲ್ಲವೋ?

ಬಿದ್ದದ್ದನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಗೆ ಹಾಕಿಕೊಂಡು, ಊರೆಲ್ಲ ಎಬ್ಬಿಸುತ್ತ ಮನೆಗೆ ಬಂದರೆ, ದೋಸ್ತನ ಹೆಂಡತಿ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ, ಅವರು ನನಗೆ ಭಾವಜಿ ಅನ್ನುತ್ತಾರೆ.

"ಸುರಂಗದಲ್ಲಿ ಒಂದ್ಸಲ ಜೋರು ಬಿಟ್ರಿ, ಬಂದರಿನ ತಿರುವಿನಲ್ಲಿ ಗೇರ್ ಬದಲ್ಸಿದ್ರಿ, ಅಂಗಡಿ ಹತ್ರ ನಿಂತು ಯಾರ ಸಂಗಡವೋ ಮಾತಾಡಿದ್ರಿ. ಹೌದೋ ಅಲ್ವೋ?"

ದೋಸ್ತ ತಲೆ ತಗ್ಗಿಸಿದ. ಎಲ್ಲವೂ ಸರಿಯಾಗಿತ್ತು.

ವೈನಿಯ ಕಿವಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬೈತಖೋಲದಲ್ಲಿ ಬೋಟು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಬರುತ್ತದೆ. ಎಂಜಿನ್ ಸದ್ದಿನ ಮೇಲೇ ಇದು ಇಂಥವರ ಬೋಟು ಎಂದು ಹೆಂಗಸರು ಹೇಳುತ್ತಾರೆ. ಹೇಳಿದವರೇ ಬುಟ್ಟಿ ಎತ್ತಿಕೊಂಡು ಬೋಟು ನಿಲ್ಲುವ ಧಕ್ಕೆಗೆ ಓಡುತ್ತಾರೆ, ಮೊದಲು ಮುಟ್ಟಿದವಳಿಗೆ ಒಳ್ಳೆಯ ಮೀನು. ಅವರಲ್ಲೆಲ್ಲ ವೈನಿಯದು ಮೊದಲ ಕಿವಿ. ಅವರು ಬುಟ್ಟಿ ಎತ್ತಿದರೆ ಉಳಿದವರು ಕೇಳಿಸಿಕೊಳ್ಳುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಹಿಂದೆ ಓಡುತ್ತಾರೆ. ನಾನು ಈ ಜಿಲ್ಲೆಯಲ್ಲಿ ಬಹಳ ಜನರನ್ನು ಮೆಚ್ಚಿಲ್ಲ, ಆ ಕಿವಿಯನ್ನು ಮೆಚ್ಚಿದ್ದೇನೆ.

ಆ ಕಿವಿಯ ಒಡತಿ ತೀರ್ಪು ಕೊಟ್ಟರು: "ಈಗ ಬೋಟು ಬಂದ್. ಮಳೆಗಾಲ ಮುಗಿದು ಬೋಟು ಕಡಲಿಗಿಳಿಯೂದ್ರೊಳಗೆ ಇದಕ್ಕೊಂದು ಸೈಲೆನ್ಸರ್ ಹಾಕ್ಸಿ. ನನ್ನ ಕಿವಿಗೆ ಹಿಡಿಸಿದ್ರೆ ಕಾರು ಇರ್ತದೆ. ಇಲ್ಲಾಂದ್ರೆ ಗೋವಾದಂವ ಕೇಳ್ತಾ ಇದ್ದಾನಲ್ಲ, ಅವನಿಗೆ ಕೊಡೂದು."

ದೋಸ್ತನ ಮುಖ ಬರಿದಾದ ಬಲೆಯ ಹಾಗಾಯಿತು. ನಾನು ನಡುವೆ ಬಾಯಿ ಹಾಕಿದೆ: "ಇದು ರೇಸಿನ ಜಾತಿಯ ಕಾರು ವೈನಿ, ಸ್ವಲ್ಪ ಕೂಗ್ತದೆ."

"ನಮ್ಮ ಮಾವನೂ ಕೂಗ್ತಿದ್ರು ಭಾವಜಿ. ಆದ್ರೆ ಅವರು ಊಟಕ್ಕೆ ಹಾಕಿದ ಮೇಲೆ ಸುಮ್ನಾಗ್ತಿದ್ರು."

೨. ಕನ್ನಡ ಮಾತಾಡುವ ಸೈಲೆನ್ಸರ್

ಅಂದಿನಿಂದ ದೋಸ್ತ ಫೋನಿನಲ್ಲಿ ಸೈಲೆನ್ಸರುಗಳ ವಿಡಿಯೋ ಕೇಳತೊಡಗಿದ. ನೋಡುವುದಲ್ಲ, ಕೇಳುವುದು. ಚಾ ಅಂಗಡಿಯ ಬೆಂಚಿನಲ್ಲಿ ಕಿವಿಗೆ ಇಯರ್‌ಫೋನು ತುರುಕಿ, ಕಣ್ಣು ಮುಚ್ಚಿ, ಸಂಗೀತ ಕಚೇರಿಗೆ ಬಂದವನಂತೆ ತಲೆದೂಗುತ್ತಿದ್ದ. "ಇದರ ಕೆಳಗಿನ ಸ್ವರ ಕೇಳು ಮಾರಾಯಾ" ಎಂದು ಒಂದು ತಂತಿ ನನ್ನ ಕಿವಿಗೂ ಸಿಕ್ಕಿಸುತ್ತಿದ್ದ. ನನಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು, ಯಾರೋ ದೊಡ್ಡ ಪಾತ್ರೆಯೊಳಗೆ ಕೂತು ಕೆಮ್ಮಿದ ಹಾಗೆ. ಅವನಿಗೆ ಮಾತ್ರ ಒಂದೊಂದೂ ಬೇರೆ. ಒಂದನ್ನು ಕೇಳಿ "ಇದಕ್ಕೆ ಅಹಂಕಾರ ಅದೆ, ಬೇಡ" ಅಂದ. ಇನ್ನೊಂದಕ್ಕೆ "ಪಾಪ, ಇದು ಖುಷಿಯಲ್ಲಿಲ್ಲ" ಅಂದ.

ಇಂಥ ಭಕ್ತನನ್ನು ಕಂಡರೆ ನನ್ನ ಕೈ ತುರಿಸುತ್ತದೆ. ದೋಸ್ತ ತಾತ್ಕಾಲಿಕವಾಗಿ ಹಳೆಯ ಸೈಲೆನ್ಸರಿಗೇ ತೇಪೆ ಹಾಕಿಸಿ ಓಡಿಸುತ್ತಿದ್ದ. ನಾನು ಮನೆಯ ಬ್ಲೂಟೂತ್ ಸ್ಪೀಕರನ್ನು ತಂದು, ಅವನಿಗೆ ತಿಳಿಯದ ಹಾಗೆ ಡಿಕ್ಕಿಯಲ್ಲಿ ಗೋಣಿಯ ಕೆಳಗೆ ಇಟ್ಟೆ. ಪಕ್ಕದಲ್ಲಿ ಕೂತು, ಅವನು ಕಾಲು ಒತ್ತಿದಾಗ ಸರಿಯಾಗಿ ನನ್ನ ಫೋನಿನಿಂದ ಯಾವುದೋ ದೇಶದ ರೇಸ್ ಕಾರಿನ ಸದ್ದು ಬಿಟ್ಟೆ.

ದೋಸ್ತ ಬೆಚ್ಚಿ ನನ್ನನ್ನು ನೋಡಿದ. ಕಾಲು ಬಿಟ್ಟ, ನಾನು ನಿಲ್ಲಿಸಿದೆ. ಮತ್ತೆ ಒತ್ತಿದ, ನಾನು ಮತ್ತೆ ಸದ್ದು ಬಿಟ್ಟೆ. ಅವನ ಕಣ್ಣು ತುಂಬಿ ಬಂತು. "ತೇಪೆ ಹಾಕಿದಂವ ದೇವರು ಮಾರಾಯಾ! ಎಂತಾ ಕೈ ಅಂವಂದು!"

ಅಷ್ಟರಲ್ಲಿ ನನ್ನ ಫೋನು ಕೈಕೊಟ್ಟಿತು. ವಿಡಿಯೋ ಮುಗಿದು ತನ್ನಷ್ಟಕ್ಕೇ ಜಾಹೀರಾತು ಶುರುವಾಯಿತು. ಕಾರಿನ ಹಿಂಭಾಗದಿಂದ ಇಂಪಾದ ಹೆಣ್ಣು ದನಿಯೊಂದು, ಕೂದಲು ಉದುರುತ್ತಿದೆಯೇ ಎಂದು ಕೇಳಿತು.

ದೋಸ್ತ ಕಾರು ಬದಿಗೆ ಹಾಕಿದ. ಡಿಕ್ಕಿ ತೆರೆದು ಸ್ಪೀಕರ್ ತೆಗೆದ. ಬೈಯುತ್ತಾನೆಂದು ನಾನು ಬಾಗಿಲು ತೆರೆದೇ ಇಟ್ಟುಕೊಂಡಿದ್ದೆ. ಅವನು ಮಾತ್ರ ನನ್ನ ಬೋಳು ನೆತ್ತಿಯನ್ನು ಬಹಳ ಹೊತ್ತು ನೋಡಿ ಹೇಳಿದ: "ಉತ್ತರ ಕೊಡು ಮಾರಾಯಾ. ನಿನ್ನನ್ನೇ ಕೇಳ್ತಾ ಅದೆ."

೩. ಕೈಗಾ ಬಸ್ಸಿನ ಸಭೆ

ವಿಡಿಯೋ ನಂಬಿ ಕೆಟ್ಟವನಿಗೆ ಇನ್ನು ವಿಜ್ಞಾನವೇ ಗತಿ ಎಂದು ನಾನು ಹೇಳಿದೆ. ನನ್ನ ಬಸ್ಸಿನಲ್ಲಿ ಬರುವವರೆಲ್ಲ ದೊಡ್ಡ ದೊಡ್ಡ ಕೊಳವೆಗಳ ನಡುವೆ ಬದುಕುವವರು. ಆದರೆ ಸಂಜೆ ಬಸ್ಸು ಹತ್ತಿದರೆಂದರೆ ಕಾಡಿನ ಮೊದಲ ತಿರುವಿಗೇ ಕುತ್ತಿಗೆ ಸಡಿಲಿಸಿ ನಿದ್ದೆ. ಇಷ್ಟು ವರ್ಷದಲ್ಲಿ ಅವರ ಗೊರಕೆ ಪರಿಚಯವಾದಷ್ಟು ಮಾತು ಪರಿಚಯವಾಗಿಲ್ಲ.

ಒಂದು ಸಂಜೆ, ಎಲ್ಲರೂ ಕಣ್ಣು ಮುಚ್ಚುವ ಮೊದಲು, ನಾನು ಕನ್ನಡಿಯಲ್ಲಿ ನೋಡಿ ಮೆಲ್ಲಗೆ ಬಿಟ್ಟೆ: "ಸಾರ್, ಟರ್ಬೊ ಕಾರಿಗೆ ಸೈಲೆನ್ಸರ್ ಪೈಪು ಎಷ್ಟು ಅಗಲ ಇರಬೇಕು?"

"ಎಷ್ಟು ಅಗಲವಾದರೂ ಅಡ್ಡಿಯಿಲ್ಲ. ಟರ್ಬೊ ದಾಟಿದ ಮೇಲೆ ಹೊಗೆಗೆ ತಡೆ ಇರಬಾರದು" ಅಂದರು ಮುಂದಿನ ಸೀಟಿನವರು.

"ಅಗಲ ಮಾಡಿ ಮಾಡಿ ಚರಂಡಿ ಪೈಪು ಹಾಕ್ತೀರಾ? ಸದ್ದು ಬರ್ತದೆ, ಓಟ ಬರೂದಿಲ್ಲ. ಎರಡೂವರೆ ಇಂಚು ಸಾಕು!" ಎಂದರು ಹಿಂದಿನವರು, ಎದ್ದು ನಿಂತು.

ಮೂರನೆಯವರು, ರೆಸೊನೇಟರ್ ಎಂಬ ಡಬ್ಬಿ ಇಲ್ಲದಿದ್ದರೆ ಹೆದ್ದಾರಿಯಲ್ಲಿ ತಲೆಯೊಳಗೆ ಜೇನುಗೂಡು ಕಟ್ಟಿದ ಹಾಗೆ ಗುಂಯ್‌ಗುಡುತ್ತದೆ ಎಂದರು. ನಾಲ್ಕನೆಯವರು, ಕಡಲ ಗಾಳಿಗೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲೇ ಬೇಕು, ಉಳಿದದ್ದೆಲ್ಲ ಎರಡು ಮಳೆಗಾಲದ ಮಾತು ಎಂದರು. ಹೊರಗೆ ಮಳೆ, ಒಳಗೆ ಉಸಿರಿಗೆ ಮಂಜಾದ ಗಾಜು. ಒಬ್ಬೊಬ್ಬರೂ ತಮ್ಮ ತಮ್ಮ ಕಿಟಕಿಯ ಮೇಲೆ ಬೆರಳಿನಿಂದ ಪೈಪು, ಬಾಣ, ಲೆಕ್ಕ ಬರೆದರು. ವಾಲ್ವ್ ಇರುವ ಸೈಲೆನ್ಸರ್ ತರಿಸಬೇಕು, ಗುಂಡಿ ಒತ್ತಿದರೆ ಒಳಗಿನ ಮುಚ್ಚಳ ತೆರೆದು ಜೋರು ಸದ್ದು, ಮತ್ತೆ ಒತ್ತಿದರೆ ಮುಚ್ಚಿ ಮೆತ್ತನೆ ಸದ್ದು ಎಂದು ಕೊನೆಗೆ ಎಲ್ಲರೂ ಒಪ್ಪಿದರು. ಅಂಥ ಚೆಂದದ ಜಗಳ ನಾನು ನೋಡಿಲ್ಲ. ಕಾರವಾರ ಮುಟ್ಟಿದಾಗ ದೋಸ್ತನನ್ನು ಕರೆಸಿದೆ. ಗಾಜು ಒಣಗುವ ಮೊದಲು ಅವನು ಪ್ರತಿ ಕಿಟಕಿಯ ಫೋಟೋ ತೆಗೆದುಕೊಂಡ, ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದಂತೆ.

ಮರುದಿನ ಸಂಜೆ ಹತ್ತುವಾಗ ಎಲ್ಲರ ಪರವಾಗಿ ಒಬ್ಬರು ನನ್ನ ಬಳಿ ಬಂದರು. ಕಣ್ಣು ಕೆಂಪಾಗಿತ್ತು. "ಡ್ರೈವರ್ರೇ, ನಿನ್ನೆ ಬಹಳ ಒಳ್ಳೇದಾಯ್ತು. ಇವತ್ತು ದಯವಿಟ್ಟು ಏನೂ ಕೇಳಬೇಡಿ."

೪. ಅಂಕೋಲೆಯ ಮಾವಿನ ಹಣ್ಣು

ವಾಲ್ವಿನ ಸೈಲೆನ್ಸರ್ ಪಾರ್ಸೆಲಿನಲ್ಲಿ ಬಂತು. ಕನ್ನಡಿಯಂಥ ಸ್ಟೀಲು. ಅದನ್ನು ಜೋಡಿಸಿ, ನಡುವೆ ರೆಸೊನೇಟರ್ ಮಾಡಿ ಕೂಡಿಸಲು ನಾವು ಹೋದದ್ದು ಅಂಕೋಲೆಯ ಒಬ್ಬ ವೆಲ್ಡರನ ಬಳಿಗೆ. ಅವನಿಗೆ ಕೈಯೂ ಚುರುಕು, ಬಾಯಿಯೂ ಚುರುಕು. "ಈ ತಾಲೂಕಿನಲ್ಲಿ ನಾನು ಬಾಯಿ ಮುಚ್ಚಿಸದ ಗಾಡಿ ಇಲ್ಲ" ಅಂದ. "ನೀವು ತಂದದ್ದು ಚೆಂದ ಅದೆ. ಆದ್ರೆ ಇದಕ್ಕೆ ಇನ್ನೂ ಸಂಸ್ಕಾರ ಆಗಿಲ್ಲ."

ಸಂಸ್ಕಾರ ಶುರುವಾಯಿತು. ವೆಲ್ಡರ ಡಬ್ಬಿ ಕೂಡಿಸುವುದು, ನಾವು ಭಾವಿಕೇರಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದು, ದೋಸ್ತ ತಲೆ ಅಲ್ಲಾಡಿಸುವುದು. "ಗಂಟಲು ಕಟ್ಟಿದ ಹಾಂಗೆ ಆಯ್ತು." ವೆಲ್ಡರ ಕತ್ತರಿಸಿ ಮತ್ತೆ ಕೂಡಿಸುವುದು. "ಈಗ ಮೂಗಿನಿಂದ ಹಾಡ್ತದೆ." ಮತ್ತೆ ಕತ್ತರಿಸುವುದು. ಬೇರೆಯವನಾದರೆ ಸುತ್ತಿಗೆ ಎಸೆಯುತ್ತಿದ್ದ. ಇವನು ದೋಸ್ತನನ್ನು ನೋಡಿ, "ಗಿರಾಕಿ ಅಂದ್ರೆ ಹೀಂಗಿರಬೇಕು, ಉಳಿದವರಿಗೆಲ್ಲ ಸದ್ದು ಬಂದ್ರೆ ಸಾಕು" ಎಂದು ಮತ್ತೊಂದು ರಾಡು ಹಚ್ಚಿದ. ಹಠಕ್ಕೆ ಬಿದ್ದ ಇಬ್ಬರ ನಡುವೆ ಕೂತು ನಾನು ಹಂಗಾಮಿನ ಕೊನೆಯ ಕರಿ ಇಶಾಡ ಮಾವಿನ ಹಣ್ಣು ತಿನ್ನುತ್ತಿದ್ದೆ. ರಸ್ತೆಯ ಆಚೆ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯ ಹತ್ತಿರ ಕೊಂಡದ್ದು.

ಕೊನೆಗೊಮ್ಮೆ, ಮುಚ್ಚಳ ಮುಚ್ಚಿ ಮೆಲ್ಲಗೆ ಓಡಿಸುವಾಗ, ದಪ್ಪಗೆ, ತಣ್ಣಗೆ, ಎದೆಯ ಕೆಳಗೆ ತಟ್ಟುವಂಥ ಸದ್ದೊಂದು ಬಂತು. ಡುಗ್ ಡುಗ್ ಡುಗ್. ದೋಸ್ತ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ.

"ಇದೇ! ಇದೇ ಮಾರಾಯಾ! ಇದನ್ನ ನಾ ಎಲ್ಲೋ ಕೇಳಿದ್ದೆ."

"ಯಾವ ವಿಡಿಯೋದಲ್ಲಿ?"

"ವಿಡಿಯೋ ಅಲ್ಲ. ಎಲ್ಲೋ... ಮೊದಲಿಂದ್ಲೂ ಕೇಳಿದ ಹಾಂಗೆ."

ನನಗೂ ಎಲ್ಲೋ ಕೇಳಿದಂತೆ ಅನಿಸಿತು. ಎಲ್ಲಿ ಎಂದು ತಿಳಿಯಲಿಲ್ಲ.

ಅವನೂ ವೆಲ್ಡರನೂ ಕೈ ಕುಲುಕಿ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು. ಅಂಥ ಪವಿತ್ರ ಗಳಿಗೆಯಲ್ಲಿ ನನ್ನ ಕೈ ಸುಮ್ಮನಿರುವುದಿಲ್ಲ. ಉಳಿದಿದ್ದ ಒಂದು ಇಶಾಡವನ್ನು ಹೊಸ ಸೈಲೆನ್ಸರಿನ ಬಾಯಿಗೆ ಇಟ್ಟೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ದೋಸ್ತ ಮುಚ್ಚಳ ತೆರೆದು ಕಾಲು ಒತ್ತಿದ. ಧಡ್! ಹಣ್ಣು ರಸ್ತೆಯ ಮೇಲಿಂದ, ಹೋಗುತ್ತಿದ್ದ ರಿಕ್ಷಾದ ಮೇಲಿಂದ ಹಾರಿ, ಮುದುಕಿಯ ಬುಟ್ಟಿಯೊಳಗೇ ಬಿತ್ತು. ರಸ್ತೆ ಎಷ್ಟು ಅಗಲ ಎಂದು ನೀವು ಕೇಳಬಾರದು, ನಾನು ಹೇಳಬಾರದು.

ಮುದುಕಿ ಹಣ್ಣನ್ನು ಎತ್ತಿ ಮೂಸಿದಳು. ಮಸಿ ಒರೆಸಿದಳು. ಆಮೇಲೆ ನನ್ನತ್ತ ಕೈ ಮಾಡಿ ಕೂಗಿದಳು: "ಹುಳಿ ಆಗಿದ್ರೆ ಬಾಯಲ್ಲಿ ಹೇಳೂಕೆ ಆಗೂದಿಲ್ವನೋ? ಎಸ್ದ್ರೂ ಅಷ್ಟೇ, ನಾ ವಾಪಸ್ ತಕಳೂದಿಲ್ಲ!"

೫. ಸುರಂಗದಲ್ಲಿ ಹುಲಿ

ವಾಪಸ್ ಬರುವಾಗ ಬಿಣಗಾ ದಾಟಿ ಸುರಂಗ ಸಿಕ್ಕಿತು. ಹೊಸ ಸೈಲೆನ್ಸರ್ ಹಾಕಿಸಿಕೊಂಡವನ ಮುಂದೆ ಸುರಂಗ ಬಂದರೆ, ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ದೋಸ್ತ ಗುಂಡಿ ಒತ್ತಿ ಮುಚ್ಚಳ ತೆರೆದ. ಅಬ್ಬಬ್ಬಾ! ಹುಲಿ ಕೂಗಿದರೆ ಗುಡ್ಡವೇ ತಿರುಗಿ ಉತ್ತರ ಕೊಟ್ಟಂತೆ! ನನ್ನ ಕೈ ರೋಮವೆಲ್ಲ ನಿಂತಿತು. ಬಸ್ಸು ಓಡಿಸಿ ಓಡಿಸಿ ಮರಗಟ್ಟಿದ ನನಗೂ ಆ ಕ್ಷಣ ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿದೆ.

ಆಚೆ ಬಾಯಲ್ಲಿ ಪೊಲೀಸಪ್ಪ ನಿಂತಿದ್ದ. ದೋಸ್ತನ ಜೀವ ಹಾರಿತು. ದಂಡ ಬಿದ್ದರೆ ಮೆಸೇಜು ಹೋಗುವುದು ವೈನಿಯ ಫೋನಿಗೆ. ಮೆಸೇಜು ಹೋದರೆ ಕಾರು ಹೋಗುವುದು ಗೋವಾಕ್ಕೆ. ಗುಂಡಿ ಒತ್ತಿದ. ಕಾರು ಮುದ್ದು ಬೆಕ್ಕಿನಂತೆ ಗುರುಗುಡುತ್ತ ನಿಂತಿತು.

"ಒಳಗೆ ಎಂತದು ಆ ಸದ್ದು?"

ನಾನು ತಲೆ ಹೊರಹಾಕಿದೆ. "ನಾವೂ ಅದನ್ನೇ ಮಾತಾಡ್ತಾ ಇದ್ವಿ ಸಾರ್. ನಮ್ಮ ಹಿಂದೆ ಒಂದು ಗಾಡಿ ಬರ್ತಾ ಇತ್ತು. ಕೈಕಾಲು ನಡುಗಿಹೋಯ್ತು ನಮಗೆ."

"ಬರ್ಲಿ. ಇವತ್ತು ಬಿಡೂದಿಲ್ಲ ಅದನ್ನ." ಅವನು ರಸ್ತೆಯ ನಡುವೆ ನಿಂತ. ಎಲ್ಲರೂ ಸುರಂಗದ ಬಾಯಿಯನ್ನೇ ನೋಡಿದೆವು.

ಕತ್ತಲೆಯಿಂದ ಹೊರಬಂದದ್ದು ಒಂದು ಹಳೇ ಮೊಪೆಡ್ಡು. ಮೇಲೆ ಎಳನೀರಿನ ಗೊನೆ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ಅಜ್ಜ. ಪುಟುಪುಟು ಎಂದು ಬಂದು ನಿಂತ.

ಪೊಲೀಸಪ್ಪ ಮೊಪೆಡ್ಡಿಗೆ ಒಂದು ಸುತ್ತು ಬಂದ. ಬಗ್ಗಿ ಅದರ ಸೈಲೆನ್ಸರ್ ನೋಡಿದ. ಆಮೇಲೆ ಅಜ್ಜನ ಹೆಗಲ ಮೇಲೆ ಕೈಯಿಟ್ಟು ಗೌರವದಿಂದ ಕೇಳಿದ: "ಅಜ್ಜಾ, ಇದನ್ನ ಎಲ್ಲಿ ಹಾಕ್ಸಿದ್ರಿ?"

೬. ತೀರ್ಪು

ತೀರ್ಪಿನ ದಿನ ಬಂತು. ಬೋಟು ಇಳಿಯಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಅಲ್ಲಿಯವರೆಗೆ ಕಾರನ್ನು ಮನೆಗೆ ತರದೆ ನನ್ನ ಅಂಗಳದಲ್ಲಿ ಅಡಗಿಸಿಟ್ಟಿದ್ದೆವು. ವೈನಿಯ ಕಿವಿಗೆ ಸದ್ದು ಚೂರುಪಾರು ಬೀಳಬಾರದು, ಬಿದ್ದರೆ ಪೂರ್ತಿ ಬೀಳಬೇಕೆಂಬುದು ದೋಸ್ತನ ಆಸೆ. ಇವತ್ತು ತರುತ್ತೇವೆಂದೂ ಹೇಳಿರಲಿಲ್ಲ.

ಮಳೆ ಬಿಟ್ಟ ಮಧ್ಯಾಹ್ನ. ದೋಸ್ತ ಮಿಂದು ಇಸ್ತ್ರಿ ಅಂಗಿ ಹಾಕಿದ್ದ. ಬಂದರಿನ ರಸ್ತೆಗೆ ತಿರುಗಿದೆವು. ಮುಚ್ಚಳ ಮುಚ್ಚಿತ್ತು. ಮೆಲ್ಲಗೆ, ಡುಗ್ ಡುಗ್ ಡುಗ್.

"ಹಿಡಿಸ್ತದೆ ಅಂತಿಯಾ?" ಎಂದು ಕೇಳಿದ.

ನಾನು ಉತ್ತರ ಕೊಡುವ ಮೊದಲೇ ಕೇರಿಯಲ್ಲಿ ಒಂದು ಬಾಗಿಲು ತೆರೆಯಿತು. ಬುಟ್ಟಿ ಹಿಡಿದ ಹೆಂಗಸೊಬ್ಬಳು ಹೊರಗೆ ಬಂದು, ಕಿವಿ ಕೊಟ್ಟು, ಧಕ್ಕೆಯ ಕಡೆ ಓಡಿದಳು. ಇನ್ನೊಂದು ಬಾಗಿಲು, ಇನ್ನೊಂದು ಬುಟ್ಟಿ. ನೋಡನೋಡುತ್ತ ಕೇರಿಗೆ ಕೇರಿಯೇ ನಮ್ಮ ಕಾರಿನ ಎರಡೂ ಬದಿಯಿಂದ ಓಡತೊಡಗಿತು. ಎಲ್ಲರ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೈನಿ!

ಕಾರಿನ ಪಕ್ಕ ಬಂದಾಗ ಗಾಜಿಗೆ ಗುದ್ದಿದರು. "ಇಲ್ಲಿ ಕಾರಲ್ಲಿ ಕೂತ್ಕಂಡು ಎಂತ ಮಾಡ್ತೀರಿ? ಯಾರೋ ನಮ್ಮ ಬೋಟು ಕಡಲಿಗೆ ಹಾಕಿದ್ದಾರೆ! ಬಂದ್ ಇರೂವಾಗ! ಕೇಳೂದಿಲ್ವಾ? ನಮ್ಮ ಬೋಟೇ ಅದು!"

ದೋಸ್ತ ಏನೂ ತಿಳಿಯದೆ ಗಾಬರಿಯಲ್ಲಿ ಎಂಜಿನ್ ಆಫ್ ಮಾಡಿದ. ಹೆಂಗಸರೆಲ್ಲ ತಟ್ಟನೆ ನಿಂತರು.

"ಬಂದ್ ಮಾಡಿದ" ಅಂದಳು ಒಬ್ಬಳು.

"ಧಕ್ಕೆಗೆ ಹತ್ತಿತು" ಅಂದಳು ಇನ್ನೊಬ್ಬಳು.

ದೋಸ್ತ ಮುಂದೆ ಹೋಗಿ ನೋಡೋಣವೆಂದು ಚಾಲೂ ಮಾಡಿದ. ಡುಗ್ ಡುಗ್ ಡುಗ್. "ಮತ್ತೆ ಹೊರಟ! ಓಡ್ರೇ!" ಮತ್ತೆ ಎಲ್ಲರೂ ಓಡಿದರು.

ಆಗ ನನಗೆ ತಿಳಿಯಿತು, ಆ ಸದ್ದನ್ನು ನಾನು ಎಲ್ಲಿ ಕೇಳಿದ್ದೆನೆಂದು. ಭಾವಿಕೇರಿ ರಸ್ತೆಯಲ್ಲಿ ಕಣ್ಣು ಮುಚ್ಚಿ, ಕತ್ತರಿಸಿ ಕೂಡಿಸಿ, ದೇಶದೇಶದ ಸೈಲೆನ್ಸರುಗಳನ್ನೆಲ್ಲ ಬೇಡವೆಂದು, ಈ ಪುಣ್ಯಾತ್ಮ ಕೊನೆಗೆ ಆರಿಸಿಕೊಂಡದ್ದು ತನ್ನ ಅಪ್ಪನ ಬೋಟನ್ನೇ. ತಿಳಿದ ಮೇಲೆ ನಾನೇನು ಮಾಡಿದೆ? ಕೈ ಚಾಚಿ ಆಫ್ ಮಾಡಿದೆ. ಎಲ್ಲರೂ ನಿಂತರು. ಆನ್ ಮಾಡಿದೆ. ಎಲ್ಲರೂ ಓಡಿದರು. ಇನ್ನೊಂದು ಸಲ ಮಾಡುವಷ್ಟರಲ್ಲಿ ಧಕ್ಕೆ ಬಂತು.

ಅಲ್ಲಿ ಬೋಟು ಟಾರ್ಪಾಲು ಹೊದ್ದು, ಹಗ್ಗ ಕಟ್ಟಿಸಿಕೊಂಡು, ಮಳೆಗಾಲದ ನಿದ್ದೆಯಲ್ಲಿತ್ತು.

ವೈನಿ ಬೋಟನ್ನು ನೋಡಿದರು. ಹಿಂದೆ ತಿರುಗಿ ಕಾರನ್ನು ನೋಡಿದರು, ಗಂಡನನ್ನು ನೋಡಿದರು. ನನ್ನನ್ನು ಸ್ವಲ್ಪ ಹೆಚ್ಚೇ ನೋಡಿದರು. ನಡೆದು ಬಂದು ಬುಟ್ಟಿಯನ್ನು ಬಾನೆಟ್ಟಿನ ಮೇಲಿಟ್ಟರು.

"ಇನ್ನೊಂದ್ಸಲ ಚಾಲೂ ಮಾಡಿ."

ದೋಸ್ತ ಮಾಡಿದ. ವೈನಿ ಕಣ್ಣು ಮುಚ್ಚಿ ನಿಂತರು. ಹೆಂಗಸರೂ ಹರಾಜಿನಲ್ಲಿ ಕೊನೆಯ ಮಾತಿಗೆ ಕಾದಂತೆ ನಿಂತರು. ದೋಸ್ತ ಇಸ್ತ್ರಿ ಅಂಗಿಯೊಳಗೆ ಬೆವರಿದ.

"ನನ್ನ ಕಿವಿ ತಪ್ಪೂದಿಲ್ಲ" ಎಂದರು ವೈನಿ ಕಣ್ಣು ತೆರೆದು. "ಈಗಲೂ ತಪ್ಪಿಲ್ಲ. ಇದು ನಮ್ಮ ಬೋಟೇ. ನಡೀರಿ ಮನೆಗೆ."

ದೋಸ್ತ ನನ್ನನ್ನು ತಬ್ಬಿಕೊಂಡು ಅತ್ತ. ನನಗೂ ಕಣ್ಣು ಒದ್ದೆಯಾಯಿತು, ಆದರೆ ನನ್ನದು ನಗುವಿನದೆಂದೇ ಎಲ್ಲರಿಗೂ ಹೇಳಿದ್ದೇನೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಕಾರಿನ ಡಿಕ್ಕಿಗೆ ಬಡಿದಳು: "ಅದೆಲ್ಲ ಸರಿ, ಮೀನು ತೆಗೀರಿ!" ತೆರೆದರೆ ವೆಲ್ಡರ ಬಿಚ್ಚಿ ಗೋಣಿಯಲ್ಲಿ ಸುತ್ತಿಕೊಟ್ಟ ಹಳೇ ಸೈಲೆನ್ಸರ್. ಅವಳು ಅದನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿ, "ತಾಜಾ ಅಲ್ಲ" ಎಂದು ವಾಪಸ್ ಇಟ್ಟಳು.

ಆ ವಾರವೇ ಗೋವಾದವನು ಬಂದ. ದೋಸ್ತ ಅವನಿಗೆ ಬರಬೇಡವೆಂದು ಹೇಳುವುದನ್ನೇ ಮರೆತಿದ್ದ. ಬಂದವನು ಅಂಗಳದಲ್ಲಿ ಕಾರು ಚಾಲೂ ಮಾಡಿ ಕೇಳಿದ, ಮರುಳಾದ. ಇಂಥ ಸದ್ದು ಪಣಜಿಯಲ್ಲೂ ಇಲ್ಲ, ನೀವು ಹೇಳಿದಷ್ಟಕ್ಕೆ ತೆಗೆದುಕೊಳ್ಳುತ್ತೇನೆ ಅಂದ.

ವೈನಿ ಚಾದ ಲೋಟ ಅವನ ಕೈಗೆ ಕೊಟ್ಟು ಶಾಂತವಾಗಿ ಹೇಳಿದರು: "ನಮ್ಮ ಮನೆಯಲ್ಲಿ ಬೋಟು ಮಾರೂ ಪದ್ಧತಿ ಇಲ್ಲ."

ಗೋವಾದವನು ಕೆಂಪು ಕಾರನ್ನು ನೋಡಿದ. ದೂರದ ಕಡಲನ್ನು ನೋಡಿದ. ಕೊನೆಗೆ ದಿಕ್ಕುಗಾಣದೆ ನನ್ನನ್ನು ನೋಡಿದ.

ನಾನು ಅವನ ಕಿವಿಯ ಹತ್ತಿರ ಬಗ್ಗಿ, ಆದಷ್ಟು ಗಂಭೀರವಾಗಿ ಹೇಳಿದೆ: "ನಂಬಿಕೆ ಬರೂದಿಲ್ಲ ಅಲ್ವ? ಹಿಂದೆ ಬಗ್ಗಿ ನೋಡಿ, ಬೋಟಿನ ಹಾಂಗೆ ನೀರು ತಳ್ಳೂ ಪಂಖ ಅದೆ."

ಚಾ ಲೋಟ ನೆಲಕ್ಕಿಟ್ಟು, ಪ್ಯಾಂಟು ಮೊಣಕಾಲಿಗೆ ಎಳೆದುಕೊಂಡು, ಅವನು ಬಗ್ಗಿ ನೋಡಿದ.